ಟಿವೋಲಿ ಮಾಡೆಲ್ ಒನ್: ಮೂರು ನಾಬ್, ಒಂದೇ ಸ್ಪೀಕರ್, ಕೆಲವು ವರ್ಷಗಳ ಬಳಕೆಯ ನಂತರ

ನೋಡೋಕೆ ಚೆಂದ ಇರುವ ರೇಡಿಯೋ ಈಗ ಬೇಕಾದಷ್ಟು ಸಿಗುತ್ತವೆ. ಕೇಳೋಕೂ ಚೆಂದ ಇರುವುದು ಕಡಿಮೆ. ಆನ್‌ಲೈನ್‌ನಲ್ಲಿ ‘ರೆಟ್ರೋ ರೇಡಿಯೋ’ ಅಂತ ಹುಡುಕಿ ನೋಡಿ, ಮರದ ಬಣ್ಣದ ಪೆಟ್ಟಿಗೆ, ಹಿತ್ತಾಳೆ ಬಣ್ಣದ ನಾಬ್, ಹಳದಿ ದೀಪ ಇರುವ ಸೆಟ್‌ಗಳು ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಬ್ಲೂಟೂತ್ ಸ್ಪೀಕರ್‌ಗಳೇ. ಎಫ್‌ಎಂ ಅನ್ನೋದು ಕೊನೆಗೆ ಸೇರಿಸಿದ ಒಂದು ಚಿಪ್, ಅಷ್ಟೇ. ಅಂಥದ್ದೊಂದು ನಮ್ಮ ಮನೆಯಲ್ಲೂ ಇತ್ತು, ಕಂಪನಿ ಹೆಸರು ಬೇಡ. ಮುಂದೆ ದೊಡ್ಡ ಡಯಲ್, ಮುಳ್ಳು, ಎಲ್ಲ ಇತ್ತು. ಆದರೆ ನಾಬ್ ತಿರುಗಿಸಿದರೆ ಸ್ಟೇಷನ್ ನಿಧಾನಕ್ಕೆ ಹತ್ತಿರ ಬರುತ್ತಿರಲಿಲ್ಲ, ಒಂದೊಂದೇ ಮೆಟ್ಟಿಲು ಜಿಗಿಯುತ್ತಿತ್ತು. ಜೋರಾಗಿ ಹಾಡು ಹಾಕಿದರೆ ಧಡಧಡ ಬೇಸ್ ಬರೋದು, ಸಣ್ಣಗೆ ಇಟ್ಟು ವಾರ್ತೆ ಕೇಳೋಣ ಅಂದರೆ ಓದುವವರು ಪಕ್ಕದ ಮನೆಯಲ್ಲಿ ಕೂತು ಓದಿದ ಹಾಗೆ.

ಅದಾದ ಮೇಲೆ ಬಂದದ್ದು ಟಿವೋಲಿ ಆಡಿಯೋ ಕಂಪನಿಯ ಮಾಡೆಲ್ ಒನ್. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಹೊಸದಕ್ಕೆ ಬದಲಾಯಿಸುವಾಗ ತನ್ನ ಹಳೆಯದನ್ನು ಸೂಟ್‌ಕೇಸ್‌ನಲ್ಲಿ ತಂದುಕೊಟ್ಟ. ಈಗ ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ದಿನವೂ ಓಡುತ್ತಿದೆ. ಇದೇ ಜಾತಿಯ ಟೇಬಲ್ ರೇಡಿಯೋ ಹುಡುಕುತ್ತಿರುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಇದರ ಹಿನ್ನೆಲೆ. ಇದನ್ನು ವಿನ್ಯಾಸ ಮಾಡಿದವರು ಹೆನ್ರಿ ಕ್ಲಾಸ್. ಅಮೆರಿಕದಲ್ಲಿ ಸ್ಪೀಕರ್‌ಗಳ ವಿಷಯ ಎತ್ತಿದರೆ ಈ ಮನುಷ್ಯನ ಹೆಸರು ತಪ್ಪದೆ ಬರುತ್ತದೆ. 1950ರ ದಶಕದಲ್ಲಿ ಅಕೌಸ್ಟಿಕ್ ರಿಸರ್ಚ್, ಆಮೇಲೆ ಕೆಎಲ್‌ಎಚ್, ಆಮೇಲೆ ಅಡ್ವೆಂಟ್, ಹೀಗೆ ಒಂದರ ಹಿಂದೆ ಒಂದು ಕಂಪನಿ ಕಟ್ಟಿದವರಲ್ಲಿ ಒಬ್ಬರು. ಸಣ್ಣ ಪೆಟ್ಟಿಗೆಯಿಂದ ದೊಡ್ಡ ಸದ್ದು ತೆಗೆಯೋದು ಹೇಗೆ ಅನ್ನೋದೇ ಅವರ ಜೀವನದ ಕೆಲಸ ಅಂದರೂ ತಪ್ಪಲ್ಲ. 1960ರಲ್ಲಿ ಕೆಎಲ್‌ಎಚ್‌ಗೆ ಮಾಡೆಲ್ ಎಯ್ಟ್ ಅನ್ನೋ ಎಫ್‌ಎಂ ರೇಡಿಯೋ ಮಾಡಿದ್ದರು. ನಲವತ್ತು ವರ್ಷ ಬಿಟ್ಟು, 2000ನೇ ಇಸವಿಯಲ್ಲಿ ಬಂದ ಮಾಡೆಲ್ ಒನ್ ಅದೇ ದಾರಿಯದ್ದು. 2002ರಲ್ಲಿ ಅವರು ತೀರಿಕೊಂಡರು.

ಸೆಟ್ಟು ನೋಡೋಕೆ ಸಣ್ಣದು. ಸುಮಾರು 21 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರ. ಎತ್ತಿದರೆ ಮಾತ್ರ ತೂಕ ಗೊತ್ತಾಗುತ್ತದೆ, ಎರಡು ಕಿಲೋ ಹತ್ತಿರ ಇದೆ. ಮರದ ಪೆಟ್ಟಿಗೆ, ಒಂದು ಪಕ್ಕ ಮೂರು ಇಂಚಿನ ಒಂದೇ ಸ್ಪೀಕರ್, ಇನ್ನೊಂದು ಪಕ್ಕ ಅಂಗೈ ತುಂಬುವ ಟ್ಯೂನಿಂಗ್ ಡಯಲ್. ವಾಲ್ಯೂಮ್‌ಗೆ ಒಂದು ನಾಬ್, ಆಫ್-ಎಫ್‌ಎಂ-ಎಎಂ-ಆಕ್ಸ್ (ಆಕ್ಸ್ ಅಂದರೆ ಫೋನ್ ಥರದ್ದನ್ನು ವೈರ್‌ನಿಂದ ಜೋಡಿಸೋದು) ಆರಿಸೋಕೆ ಒಂದು ನಾಬ್. ಮುಗೀತು. ಗಡಿಯಾರ ಇಲ್ಲ, ರಿಮೋಟ್ ಇಲ್ಲ, ಸ್ಟೇಷನ್ ನೆನಪಿಡೋ ಬಟನ್ ಇಲ್ಲ, ಬ್ಯಾಟರಿ ಹಾಕೋ ಜಾಗವೂ ಇಲ್ಲ. ಬಂದ ದಿನ ನಮ್ಮಪ್ಪ ತಿರುಗಿಸಿ ತಿರುಗಿಸಿ ನೋಡಿ, ‘ಇದರಲ್ಲಿ ಪೆನ್‌ಡ್ರೈವ್ ಎಲ್ಲೋ ಹಾಕೋದು?’ ಅಂತ ಕೇಳಿದರು.

ಈ ರೇಡಿಯೋದ ಅಂದ ಇರೋದು ಆ ಡಯಲ್‌ನಲ್ಲಿ. ಬರೀ ಚೆಂದಕ್ಕೆ ಇಟ್ಟದ್ದಲ್ಲ. ಒಳಗೆ 5:1 ಗೇರ್ ಇದೆ, ಅಂದರೆ ಕೈ ಐದು ಪಟ್ಟು ತಿರುಗಿದರೆ ಟ್ಯೂನಿಂಗ್ ಒಂದು ಪಟ್ಟು ಸರಿಯುತ್ತದೆ. ಹಾಗಾಗಿ ಕೈ ನಡುಗುವ ವಯಸ್ಸಾದವರೂ ಸ್ಟೇಷನ್‌ನ ನಟ್ಟನಡುವೆ ತಂದು ನಿಲ್ಲಿಸಬಹುದು. ಸರಿಯಾಗಿ ಕೂತಾಗ ಪುಟ್ಟ ದೀಪ ಜಾಸ್ತಿ ಬೆಳಗುತ್ತದೆ. ನಮ್ಮಮ್ಮ ಕನ್ನಡಕ ಹಾಕಿಕೊಳ್ಳದೇ ಟ್ಯೂನ್ ಮಾಡ್ತಾರೆ, ಆ ದೀಪ ಸಾಕು ಅವರಿಗೆ.

ಸ್ಟೇಷನ್ ನೆನಪಿಡೋ ಬಟನ್ ಇಲ್ಲದೇ ಕಷ್ಟ ಆಗಲ್ವಾ ಅಂತ ಕೇಳ್ತಾರೆ. ಬೆಂಗಳೂರಿನಲ್ಲಿ ಇದ್ದಿದ್ದರೆ ಆಗುತ್ತಿತ್ತೇನೋ. ಅಲ್ಲಿ 91.1ರಿಂದ ಹಿಡಿದು 101.3ರ ಕಾಮನಬಿಲ್ಲು, 102.9ರ ವಿವಿಧ ಭಾರತಿವರೆಗೆ ಸ್ಟೇಷನ್‌ಗಳ ಸಂತೆಯೇ ಇದೆ. ಮೈಸೂರಿನಲ್ಲಿ ನಮ್ಮ ಮನೆಯವರು ಕೇಳೋದು 100.6ರ ಆಕಾಶವಾಣಿ, ಮಕ್ಕಳು ಬಂದಾಗ 92.7 ಅಥವಾ 93.5. ಡಯಲ್ 100.6ರಲ್ಲೇ ವಾರಗಟ್ಟಲೆ ಕೂತಿರುತ್ತದೆ. ಆಕಾಶವಾಣಿ ಅನ್ನೋ ಹೆಸರಿನ ಸ್ಟೇಷನ್ನು 1935ರಲ್ಲಿ ಇದೇ ಊರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಶುರುವಾದದ್ದು, ಹಾಗಾಗಿ ಮೈಸೂರಿನವರಿಗೆ ಆ ಒಂದು ನಂಬರ್ ಬಗ್ಗೆ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಬೇಕು.

ಈಗ ಧ್ವನಿ. ಒಂದೇ ಸ್ಪೀಕರ್, ಮೋನೋ. ಈ ದುಡ್ಡಿಗೆ ಸ್ಟೀರಿಯೋನೂ ಇಲ್ವಾ ಅಂತ ಅನ್ನಿಸೋದು ಸಹಜ. ಆದರೆ ಒಂದಡಿ ಅಗಲವೂ ಇಲ್ಲದ ಪೆಟ್ಟಿಗೆಯಲ್ಲಿ ಎರಡು ಸ್ಪೀಕರ್ ತುರುಕಿದರೂ ಕೋಣೆಯ ಆ ಕಡೆ ಕೂತವರಿಗೆ ಎಡ-ಬಲ ಏನೂ ಗೊತ್ತಾಗಲ್ಲ. ಇನ್ನೊಂದು ವಿಷಯ, ಎಫ್‌ಎಂ ಸಿಗ್ನಲ್ ಸ್ವಲ್ಪ ಕಡಿಮೆ ಇದ್ದಾಗ ಸ್ಟೀರಿಯೋದಲ್ಲಿ ಉಸ್ಸ್ ಅನ್ನೋ ಸದ್ದು ಎದ್ದು ಕೇಳುತ್ತದೆ, ಅದೇ ಸ್ಟೇಷನ್ ಮೋನೋದಲ್ಲಿ ಸ್ವಚ್ಛವಾಗಿರುತ್ತದೆ. ಎರಡರ ದುಡ್ಡನ್ನು ಒಂದು ಒಳ್ಳೆಯ ಸ್ಪೀಕರ್‌ಗೆ ಹಾಕೋದೇ ವಾಸಿ ಅನ್ನೋ ಲೆಕ್ಕ ಇಲ್ಲಿದೆ. ನನಗಂತೂ ಒಪ್ಪಿಗೆ.

ನಾನು ಯಾವ ರೇಡಿಯೋವನ್ನಾದರೂ ಹಾಡಿನಿಂದ ಅಳೆಯಲ್ಲ, ಮಾತಿನಿಂದ ಅಳೆಯುತ್ತೇನೆ. ಅದೂ ವಾಲ್ಯೂಮ್ ಸಣ್ಣಗೆ ಇಟ್ಟು. ಬೆಳಗ್ಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ ಪ್ರದೇಶ ಸಮಾಚಾರದ ಒಂದೊಂದು ಹೆಸರೂ ತಿಳಿಯಬೇಕು, ಹಾಗಂತ ಒಳಗೆ ಮಲಗಿದವರು ಏಳಬಾರದು. ಇದರಲ್ಲಿ ಅದು ಆಗುತ್ತದೆ. ಗಂಡು ದನಿ ಗುಂಯ್ ಅನ್ನಲ್ಲ, ಹೆಣ್ಣು ದನಿ ಚುಚ್ಚಲ್ಲ. ಕರ್ನಾಟಕ ಸಂಗೀತ ಕಛೇರಿ ಬಂದರೆ ಮೃದಂಗದ ಎಡಗೈ ಪೆಟ್ಟು ಈ ಗಾತ್ರಕ್ಕೆ ಆಶ್ಚರ್ಯ ಅನ್ನೋ ಹಾಗೆ ಕೇಳುತ್ತದೆ, ತಂಬೂರಿ ಹಿಂದೆ ಎಲ್ಲೋ ಕಳೆದುಹೋಗಲ್ಲ. ಹೊಸ ಸಿನಿಮಾ ಹಾಡಿಗೆ, ಪಾರ್ಟಿಗೆ ಇದು ಬೇಡ. ಮೂರು ಇಂಚಿನ ಸ್ಪೀಕರ್ ಅದು, ಅರ್ಧಕ್ಕಿಂತ ಮೇಲೆ ತಿರುಗಿಸಿ ಕುಣಿಯೋಣ ಅನ್ನುವವರು ಬೇರೆ ನೋಡಿಕೊಳ್ಳಿ.

ಎಲ್ಲಿ ಇಡ್ತೀರಿ ಅನ್ನೋದರ ಮೇಲೆ ಧ್ವನಿ ತುಂಬಾ ಬದಲಾಗುತ್ತದೆ. ಗೋಡೆಯ ಮೂಲೆಗೆ ಒತ್ತಿ, ಟೊಳ್ಳು ಶೋಕೇಸ್ ಮೇಲೆ ಇಟ್ಟರೆ ಬೇಸ್ ಗುಮ್ಮಗುಮ್ಮ ಅನ್ನುತ್ತದೆ, ಎಂಥಾ ಟೇಬಲ್ ರೇಡಿಯೋ ಆದರೂ ಅಷ್ಟೇ. ಗಟ್ಟಿ ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ಮುಂದೆ, ಕೂತವರ ಕಿವಿಗೆ ಹತ್ತಿರದ ಎತ್ತರದಲ್ಲಿ ಇಡಿ.

ಅಮೆರಿಕದಿಂದ ತರಿಸುವವರು ಇದನ್ನು ಗಮನ ಇಟ್ಟು ಓದಿ. ಅಲ್ಲಿಯ ಸೆಟ್ಟು 120 ವೋಲ್ಟ್‌ನದು. ನಮ್ಮ 230ಕ್ಕೆ ಪಿನ್ ಮಾತ್ರ ಬದಲಾಯಿಸಿ ಚುಚ್ಚಿದರೆ ಕಥೆ ಮುಗಿಯಿತು. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು, ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸಿಗುತ್ತದೆ. ಇನ್ನೊಂದು ದಾರಿ, ಹಿಂದುಗಡೆ ಇರುವ 12 ವೋಲ್ಟ್ ಡಿಸಿ ಕಿಂಡಿ. ನಾನು ಅದನ್ನೇ ಬಳಸೋದು. ಪ್ಲಸ್ ಯಾವುದು, ಮೈನಸ್ ಯಾವುದು ಅಂತ ಸೆಟ್ ಹಿಂದೆ ನೋಡಿ ಅದಕ್ಕೆ ಹೊಂದುವ ಅಡಾಪ್ಟರ್ ತಗೊಳ್ಳಬೇಕು. ಇದರಿಂದ ಬಂದ ಲಾಭ ಅಂದರೆ, ವೈಫೈ ರೂಟರ್‌ಗೆ ಹಾಕುವ ಪುಟ್ಟ 12 ವೋಲ್ಟ್ ಯುಪಿಎಸ್ ಇದೆಯಲ್ಲ, ಅದು ರೇಡಿಯೋಗೂ ಆಗುತ್ತದೆ. ಕರೆಂಟ್ ಹೋದಾಗ ಬೀದಿಯೆಲ್ಲ ಕತ್ತಲು, ನಮ್ಮ ಮನೆಯಲ್ಲಿ ಕ್ರಿಕೆಟ್ ಕಾಮೆಂಟ್ರಿ ನಿಲ್ಲಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಹೇಳಲ್ಲ. ಎಫ್‌ಎಂ ಕಳಿಸುವಾಗ ತಾರಸ್ವರವನ್ನು ಸ್ವಲ್ಪ ಎತ್ತಿ ಕಳಿಸ್ತಾರೆ, ರೇಡಿಯೋ ಅದನ್ನು ಇಳಿಸಿ ಕೇಳಿಸುತ್ತದೆ. ಎಷ್ಟು ಎತ್ತಬೇಕು ಅನ್ನೋ ಅಳತೆ ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ನಮ್ಮಲ್ಲಿ 50. ಹಾಗಾಗಿ ಅಲ್ಲಿಗೆ ಅಂತ ಮಾಡಿದ ಸೆಟ್ಟು ಇಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇಳಿಸುತ್ತದೆ, ಧ್ವನಿ ಒಂಚೂರು ಮಂಕು. ನನಗೆ ಅದು ತಾಳದ ಝಣಝಣದಲ್ಲಿ ಗೊತ್ತಾಗುತ್ತದೆ, ಮಾತಿನಲ್ಲಿ ಗೊತ್ತಾಗಲ್ಲ. ಡಿಜಿಟಲ್ ಟ್ಯೂನಿಂಗ್ ಇರುವ ಸೆಟ್ ತರಿಸಿದರೆ ತೊಂದರೆ ಇನ್ನೂ ದೊಡ್ಡದು. ಅಲ್ಲಿಯ ಎಫ್‌ಎಂ ಸ್ಟೇಷನ್‌ಗಳು 100.5, 100.7 ಹೀಗೆ ಬೆಸ ಅಂಕೆಯಲ್ಲೇ ಇರೋದು. ಕೆಲವು ಸೆಟ್‌ಗಳು ಅಷ್ಟೇ ಹೆಜ್ಜೆ ಹಾಕುತ್ತವೆ, ನಮ್ಮ 100.6 ಮಧ್ಯದಲ್ಲಿ ಬಿಟ್ಟುಹೋಗುತ್ತದೆ. ಮೀಡಿಯಂ ವೇವ್‌ನಲ್ಲೂ, ಅಂದರೆ ನಾಬ್ ಮೇಲಿನ ಎಎಂನಲ್ಲೂ, ಅವರದು 10 ಕಿಲೋಹರ್ಟ್ಸ್ ಹೆಜ್ಜೆ, ನಮ್ಮದು 9. ಬೆಂಗಳೂರು ಆಕಾಶವಾಣಿಯ 612 ಅಲ್ಲಿ 610ಕ್ಕೂ 620ಕ್ಕೂ ಕೂರಲ್ಲ. ಪ್ರದೇಶ ಬದಲಾಯಿಸುವ ಸ್ವಿಚ್ ಇದ್ದರೆ ಸರಿ. ಮಾಡೆಲ್ ಒನ್‌ನಲ್ಲಿ ಮುಳ್ಳು ಎಲ್ಲಿ ಬೇಕಾದರೂ ನಿಲ್ಲುತ್ತದೆ, ಈ ತಕರಾರೇ ಇಲ್ಲ.

ಮೀಡಿಯಂ ವೇವ್ ಅಂದ ಮೇಲೆ ಒಂದು ಮಾತು. ರೇಡಿಯೋ ಎಷ್ಟೇ ಒಳ್ಳೆಯದಿರಲಿ, ಈಗಿನ ಮನೆಗಳಲ್ಲಿ ಎಎಂ ಕೇಳೋದು ಹೋರಾಟ. ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್, ಎಲ್ಲವೂ ಗರ್ ಅಂತ ಸದ್ದು ಸೇರಿಸುತ್ತವೆ. ಮೇಲೆ ಹೇಳಿದ ರೂಟರ್ ಯುಪಿಎಸ್ ಕೂಡ ಹೀಗೇ ಕಾಟ ಕೊಡುತ್ತದೆ. ರಾತ್ರಿ ದೀಪ ಎಲ್ಲ ಆರಿಸಿ, ಚಾರ್ಜರ್ ಕಿತ್ತು, ಸೆಟ್ಟನ್ನು ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಿದರೆ 612 ಚೆನ್ನಾಗಿ ಬರುತ್ತದೆ. ತಿರುಗಿಸೋದು ಯಾಕೆ ಅಂದರೆ ಎಎಂ ಏರಿಯಲ್ ಒಳಗೇ ಇರುವ ಫೆರೈಟ್ ಕಡ್ಡಿ, ಅದಕ್ಕೆ ದಿಕ್ಕು ಮುಖ್ಯ. ಎಫ್‌ಎಂಗೆ ಹಿಂದುಗಡೆ ಡಿಶ್ ಟಿವಿ ಕೇಬಲ್ ತಿರುಗಿಸಿ ಹಾಕ್ತೀವಲ್ಲ, ಅದೇ ಥರದ ಕಿಂಡಿ ಇದೆ. ಅದರ ನಡುವಿನ ತಂತಿಗೆ ಸುಮಾರು 75 ಸೆಂ.ಮೀ. ಮಾಮೂಲಿ ವೈರ್ ಜೋಡಿಸಿ ಕಿಟಕಿ ಕಡೆ ನೇತುಹಾಕಿದರೆ ಸಾಕಾಗುತ್ತದೆ.

ಯಾರಿಗೆ ಇದು ಬೇಡ? ಹಳೆಯ ಹಾಡುಗಳೇ ಬೇಕು, ರೇಡಿಯೋ ನೆಪಕ್ಕೆ ಅನ್ನುವವರು ಸುಮ್ನೆ ಸರಿಗಮ ಕಾರವಾನ್ ಕನ್ನಡ ತಗೊಳ್ಳಿ. ಹಾಡು ಅದರೊಳಗೇ ತುಂಬಿರುತ್ತದೆ, ಬ್ಯಾಟರಿಯೂ ಇದೆ, ಅಜ್ಜಿ ತಾತಂದಿರಿಗೆ ಕೊಡೋಕೆ ಅದೇ ಸುಲಭ. ಫೋನಿನಿಂದ ಹಾಡು ಹಾಕಬೇಕು ಅನ್ನುವವರು ಮಾಡೆಲ್ ಒನ್‌ನ ಬ್ಲೂಟೂತ್ ಇರುವ ‘ಬಿಟಿ’ ನೋಡಿ. ನನ್ನದರಲ್ಲಿ ಆಕ್ಸ್ ವೈರ್ ಚುಚ್ಚಿ ಆಕಾಶವಾಣಿಯ ಆ್ಯಪ್‌ನಿಂದ ಧಾರವಾಡ ಕೇಳ್ತೇನೆ. ಎಎಂಗಿಂತ ಸ್ವಚ್ಛ, ಆದರೆ ಲೈವ್ ಕಾಮೆಂಟ್ರಿಗೆ ಆ್ಯಪ್ ಬೇಡ, ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿ ಮುಗಿಸಿದ ಮೇಲೆ ನಮಗೆ ಬಾಲ್ ಹಾಕ್ತಾರೆ!

ದುಡ್ಡಿನ ವಿಷಯ. ಹೊಸದನ್ನು ಆಮದು ಸುಂಕ ಕಟ್ಟಿ ತರಿಸೋದು ಬರೀ ವಾರ್ತೆ ಕೇಳೋಕೆ ಜಾಸ್ತಿ ಅಂತಲೇ ನನ್ನ ಅಭಿಪ್ರಾಯ. ಆಕ್ಸ್‌ನಲ್ಲಿ ಬೇರೇನಾದರೂ ಜೋಡಿಸಿ ದಿನವಿಡೀ ಬಳಸುವವರಿಗೆ ಮಾತ್ರ ಸರಿ. ಸೆಕೆಂಡ್ ಹ್ಯಾಂಡ್ ಆದರೆ ಖಂಡಿತ ತಗೊಳ್ಳಿ, ಆದರೆ ಹಿಂಭಾಗದ ಫೋಟೋ ಕೇಳಿ, ವೋಲ್ಟೇಜ್ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ. ಡಯಲ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸಿಕ್ಕಿಕೊಳ್ಳದೆ ತಿರುಗುತ್ತದಾ ಅಂತ ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳಿ. ಗೇರ್ ಸವೆದಿದ್ದರೆ ಬೇಡವೇ ಬೇಡ. ವಾಲ್ಯೂಮ್ ತಿರುಗಿಸುವಾಗ ಬರೀ ಕರಕರ ಸದ್ದು ಬಂದರೆ ಹೆದರಬೇಕಿಲ್ಲ, ಸಾಮಾನ್ಯವಾಗಿ ಧೂಳು ಕೂತಿರುತ್ತದೆ, ರಿಪೇರಿಯವರು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸರಿ ಮಾಡ್ತಾರೆ. ಆ ಸದ್ದು ತೋರಿಸಿ ರೇಟು ಇಳಿಸಿ ಕೇಳಬಹುದು.