ಅಕ್ಷರದ ಗುಂಪೋ, ಸಂತೆಯ ಗುಂಪೋ?

ಇಂಗ್ಲಿಷ್ ಪದಗಳನ್ನು ಒಂದೇ ಮೊದಲಕ್ಷರದ ಗುಂಪಾಗಿ ಕಲಿಸಬೇಕೋ, ಸಂತೆಯಂಥ ಒಂದು ಸಂದರ್ಭದಲ್ಲಿ ಬೇಕಾಗುವ ಪದಗಳ ಗುಂಪಾಗಿ ಕಲಿಸಬೇಕೋ? ಮಗಳಿಗೆ ಎರಡೂ ಮಾಡಿ ನೋಡಿದೆ. ಒಂದೇ ಮೊದಲಕ್ಷರದ ಪದಗಳು ಆಟಕ್ಕೆ ಚೆಂದ. ವಿಜಯಪುರದಿಂದ ಬಾಗಲಕೋಟೆಗೆ ಹೊರಟ ಬಸ್ಸಿನಲ್ಲಿ 'ಬಿ'ಯಿಂದ ಶುರುವಾಗುವ ಪದ ಹೇಳು ಅಂದರೆ ಕೊಲ್ಹಾರ ಬರುವವರೆಗೂ ಬೇಸರವಿಲ್ಲ: ಬ್ಯಾಗ್, ಬಾಲ್, ಬ್ರಿಜ್.

ಆದರೆ ಅಕ್ಷರ ಒಂದಾದರೆ ಉಚ್ಚಾರ ಒಂದಾಗುವುದಿಲ್ಲ. 'ಸಿ'ಯಲ್ಲೇ ಕ್ಯಾಟ್, ಸಿಟಿ, ಚೇರ್ ಮೂರೂ ಇವೆ. ನೈಫ್‌ನಲ್ಲಂತೂ 'ಕೆ' ಬಾಯಿಯೇ ಬಿಡುವುದಿಲ್ಲ. ಮಗಳು 'ಕ್ನೈಫ್' ಅಂದಳು. ಬರೆದಂತೆ ಓದುವ ಕನ್ನಡದ ರೂಢಿ, ಪಾಪ!

ಸಂತೆಯ ಪದಗಳು (ಆನಿಯನ್, ತೂಕದ ವೇಟ್, ಚಿಲ್ಲರೆಯ ಚೇಂಜ್) ಕೂಡಲೇ ಮಾತಾಗುತ್ತವೆ. ಹಾಗಂತ ಹತ್ತು ಹಣ್ಣಿನ ಹೆಸರು ಒಮ್ಮೆಲೇ ತುರುಕಬೇಡಿ, ಕಲಸಿಹೋಗುತ್ತವೆ. ಭಾಷಾ ಕಲಿಕೆಯ ಸಂಶೋಧಕ ಥಾಮಸ್ ಟಿಂಕ್‌ಹ್ಯಾಮ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಒಂದೇ ಬಗೆಯ ಪದಗಳನ್ನು ಒಟ್ಟಿಗೆ ಕಲಿಯುವುದು ಕಷ್ಟವಾಗಿತ್ತು.

ಡಿಕ್ಷನರಿ ನೋಡುವ ರೂಢಿ ಬೇಕಿದ್ದರೆ ಅಕ್ಷರ. ಮಾತು ಬೇಕಿದ್ದರೆ, ನನ್ನ ಓಟು ಸಂತೆಗೆ.