ಮಗನನ್ನು ಪುಣೆಗೆ ಕಳಿಸುವ ಮುಂಚೆ ಮಾಟುಂಗದಲ್ಲಿ ಒಂದು ಊಟ

ಮಗನಿಗೆ ಪುಣೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಹಾಸ್ಟೆಲ್‌ಗೆ ಬಿಡುವ ಹಿಂದಿನ ಭಾನುವಾರ ಅವನನ್ನು ಮುಂಬಯಿಯ ಮಾಟುಂಗದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ಗೆ ಊಟಕ್ಕೆ ಕರೆದುಕೊಂಡು ಹೋದೆ. ನಮ್ಮವರ ಬಾಯಲ್ಲಿ ಅದು ರಾಮ ನಾಯಕರ ಬೋರ್ಡಿಂಗ್. 1942ರಿಂದ ನಡೆದುಕೊಂಡು ಬಂದ ಜಾಗ. ಊಟ ಹೇಗಿದೆ ಅಂತ ಕೇಳಿದರೆ ಒಂದೇ ಮಾತು: ಹಸಿದುಕೊಂಡು ಹೋಗಿ. ಆದರೆ ನಾನು ಬರೆಯಲು ಕೂತಿರುವುದು ಊಟಕ್ಕೋಸ್ಕರ ಮಾತ್ರ ಅಲ್ಲ.

ನಾವಿರುವುದು ಡೊಂಬಿವ್ಲಿಯಲ್ಲಿ. ಮಾಟುಂಗದಲ್ಲಿ ಫಾಸ್ಟ್ ಲೋಕಲ್ ಟ್ರೇನು ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು. ಇಳಿಯಬೇಕಾದ್ದು ಸೆಂಟ್ರಲ್ ಲೈನಿನ ಮಾಟುಂಗದಲ್ಲಿ, ವೆಸ್ಟರ್ನ್ ಲೈನಿನ ಮಾಟುಂಗ ರೋಡ್‌ನಲ್ಲಿ ಅಲ್ಲ. 2017ರಿಂದ ಈ ಸ್ಟೇಷನ್ನನ್ನು ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ. ಮಗನಿಗೆ ಅದನ್ನು ಹೇಳಿದೆ, ಅವನು ಫೋನ್ ನೋಡುತ್ತಾ ಹೂಂ ಅಂದ. ಪೂರ್ವಕ್ಕೆ ಇಳಿದರೆ ಎದುರಿಗೇ ಮಾರ್ಕೆಟ್ ಕಟ್ಟಡ. ಅದರ ಮೊದಲ ಮಹಡಿಯಲ್ಲಿ ಬೋರ್ಡಿಂಗ್. ಮೆಟ್ಟಿಲು ಹತ್ತಬೇಕು, ಮಂಡಿ ನೋವಿನ ಹಿರಿಯರನ್ನು ಕರೆದುಕೊಂಡು ಹೋಗುವವರು ಇದನ್ನು ನೆನಪಿಡಿ.

ಕೌಂಟರಿನಲ್ಲಿ ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಭಾನುವಾರ ಜನ ಜಾಸ್ತಿ. ನಮ್ಮ ಸರದಿ ಬರಲು ಮುಕ್ಕಾಲು ಗಂಟೆ ಆಯಿತು. ನನಗೆ ಆ ಕಾಯುವಿಕೆಯೇ ಬೇಕಾಗಿತ್ತು. ಅಷ್ಟು ಹೊತ್ತು ಮಗ ಪಕ್ಕದಲ್ಲಿ ಕೂತಿದ್ದು ಈ ವರ್ಷದಲ್ಲಿ ಅದೇ ಮೊದಲು.

ಅಲ್ಲಿ ಕೂತು ಅವನಿಗೆ ಅವನ ಅಜ್ಜನ ಕತೆ ಹೇಳಿದೆ. ನನ್ನ ಅಪ್ಪ ಕುಂದಾಪುರದ ಕಡೆಯ ನಾವುಂದದವರು. ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟ್ ಏರಿಯಾದ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದರು. ಆಗೆಲ್ಲ ನಮ್ಮ ಕಡೆಯ ಹುಡುಗರ ದಾರಿಯೇ ಅದು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿ ಶಾಲೆ. ಬಂದ ಮೊದಲ ವಾರ ಅಪ್ಪನಿಗೆ ಜ್ವರ. ಮಾಳಿಗೆಯಲ್ಲಿ ಮಲಗಿದ್ದವರು ಎರಡು ದಿನ ಊಟ ಮಾಡಲಿಲ್ಲ. ಕೆಳಗೆ ಅನ್ನದ ಹಂಡೆಗಳು, ಸಾಂಬಾರಿನ ವಾಸನೆ, ಮೇಲೆ ಹಸಿದ ಹುಡುಗ. ಬೈದರೆ ಅಂತ ಹೆದರಿಕೆ, ಕೇಳಲು ನಾಚಿಕೆ. "ಕೇಂಡ್ರೆ ಕೊಡ್ತಿದ್ರ್ ಮಗಾ, ನಾನೇ ಕೇಣ್ಲಿಲ್ಲ" ಅಂತ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

1989ರಲ್ಲಿ ನನಗೆ ನಾಸಿಕ್‌ನಲ್ಲಿ ಮೊದಲ ಕೆಲಸ ಸಿಕ್ಕಾಗ ಅಪ್ಪ ನನ್ನನ್ನು ಇದೇ ಬೋರ್ಡಿಂಗಿಗೆ ಕರೆತಂದಿದ್ದರು. ಜಾಸ್ತಿ ಮಾತಿನ ಮನುಷ್ಯ ಅಲ್ಲ. ಎಲೆಯ ಮುಂದೆ ಕೂರಿಸಿ ಒಂದೇ ಮಾತು ಹೇಳಿದರು: "ಬೇಕಾದ್ದನ್ನು ಬಾಯಿ ಬಿಟ್ಟು ಕೇಳು. ಸಾಕಾದಾಗ ಕೈ ಅಡ್ಡ ಹಿಡಿ. ಇವೆರಡು ಬಂದರೆ ಎಲ್ಲಿ ಬೇಕಾದ್ರೂ ಬದುಕಬಹುದು."

ಮಗನಿಗೆ ಇದನ್ನು ಹೇಳಲು ಕಾರಣ ಇದೆ. ಅವನು ಕೇಳುವ ಹುಡುಗ ಅಲ್ಲ. ನೆಂಟರ ಮನೆಯಲ್ಲಿ ಒಂದು ದೋಸೆಗೇ ಸಾಕು ಅಂದು ಮನೆಗೆ ಬಂದು ಬ್ರೆಡ್ ತಿನ್ನುತ್ತಾನೆ. ಹನ್ನೆರಡನೇ ಕ್ಲಾಸಿನಲ್ಲಿ ಟ್ಯೂಷನ್ನಿನಲ್ಲಿ ಇಂಟಿಗ್ರೇಷನ್ ತಲೆಗೆ ಹತ್ತದೆ ಮೂರು ತಿಂಗಳು ಸುಮ್ನೆ ಕೂತಿದ್ದ. ನಮಗೆ ಗೊತ್ತಾಗಿದ್ದು ಮಾರ್ಕ್ಸ್ ಬಂದ ಮೇಲೆ. "ಯಾಕೋ ಕೇಳಲಿಲ್ಲ?" ಅಂದರೆ, "ಎಲ್ಲರಿಗೂ ಗೊತ್ತಿತ್ತು ಪಪ್ಪಾ" ಅಂದ. ಆ ಉತ್ತರ ನನ್ನನ್ನು ತುಂಬಾ ದಿನ ಕೊರೆಯಿತು. ಹಾಸ್ಟೆಲಿನಲ್ಲಿ ಜ್ವರ ಬಂದರೆ ಇವನು ಪಕ್ಕದ ರೂಮಿನ ಬಾಗಿಲು ತಟ್ಟುತ್ತಾನಾ? ನನಗಿದ್ದ ಚಿಂತೆ ಇದೊಂದೇ. ಫೀಸಿನ ಚಿಂತೆಯೂ ಇಷ್ಟು ಕಾಡಿರಲಿಲ್ಲ.

ಈಗ ಊಟ. ಥಾಲಿಯೂ ಸಿಗುತ್ತದೆ, ಆದರೆ ನೀವು ಬಾಳೆಎಲೆ ಊಟವನ್ನೇ ತೆಗೆದುಕೊಳ್ಳಿ. ಬೇಕಾದಷ್ಟು ಬಡಿಸುತ್ತಾರೆ. ಉಪ್ಪಿನಕಾಯಿ, ಚಟ್ನಿ, ಪಲ್ಯ, ತೊವ್ವೆ, ಬಿಸಿ ಪೂರಿ, ಹಪ್ಪಳ. ಆಮೇಲೆ ಅನ್ನ, ಮೇಲೆ ತುಪ್ಪ. ಸಾಂಬಾರು ಚೆನ್ನಾಗಿದೆ. ಆದರೆ ನನ್ನ ಮನಸ್ಸು ಸಾರಿನ ಮೇಲೆ. ತೆಳ್ಳಗೆ, ಕಾಳುಮೆಣಸಿನ ಖಾರ ಗಂಟಲಲ್ಲಿ ನಿಧಾನಕ್ಕೆ ಏಳುತ್ತದೆ, ಇಂಗಿನ ಒಗ್ಗರಣೆ. ಅನ್ನದ ಮಧ್ಯೆ ಗುಂಡಿ ಮಾಡಿ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ಎಲೆಯ ಅಂಚಿಗೆ ಓಡುತ್ತದೆ. ಮಗನಿಗೆ ಅದು ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಅನ್ನದ ಕಟ್ಟೆ ಕಟ್ಟಲು ಒದ್ದಾಡಿದ. ನಾನು ಸಹಾಯ ಮಾಡಲಿಲ್ಲ. ಮೂರನೇ ತುತ್ತಿಗೆ ಕಟ್ಟೆ ನಿಂತಿತು.

ಬಡಿಸುವವರ ವೇಗವನ್ನು ಹೇಳಲೇಬೇಕು. ಸ್ಟೀಲ್ ಬಕೆಟ್ ಹಿಡಿದು ಸಾಲಿನಲ್ಲಿ ಬರುತ್ತಾರೆ, ಎಲೆ ನೋಡುತ್ತಾರೆ, ಮುಖ ನೋಡುತ್ತಾರೆ. ಒಂದು ಕ್ಷಣ ತಡೆದಿರೋ, ಪಕ್ಕದ ಎಲೆಗೆ ಹೋಗಿರುತ್ತಾರೆ. ಆದರೆ ಮತ್ತೆ ಬರುತ್ತಾರೆ. ಮಗನ ಎಲೆಯಲ್ಲಿ ಒಣ ಅನ್ನ ಉಳಿದಿತ್ತು. ಸಾರಿನ ಬಕೆಟ್ ಒಮ್ಮೆ ದಾಟಿ ಹೋಯಿತು. ಅವನು ಬಾಯಿ ತೆರೆದು ಮುಚ್ಚಿದ. ನಾನು ಕರೆಯಬಹುದಿತ್ತು, ನಾಲಿಗೆಯ ತುದಿಗೆ ಬಂದಿತ್ತು. ತಲೆ ತಗ್ಗಿಸಿ ನನ್ನ ಮೊಸರನ್ನ ಕಲಸಿದೆ.

ಎರಡನೇ ಸುತ್ತು ಬಂದಾಗ ಪಕ್ಕದಿಂದ ದನಿ ಕೇಳಿಸಿತು. "ಅಣ್ಣಾ, ಇನ್ನೊಂಚೂರು ಸಾರು."

ಹಿಂದಿಯಲ್ಲಿ ಕೇಳುತ್ತಾನೆ ಅಂದುಕೊಂಡಿದ್ದೆ. ಬಡಿಸುವವರು ನಿಂತರು. ಎರಡು ಸೌಟು ಹಾಕಿ, "ಊರು ಯಾವುದು ಮಾರಾಯ?" ಅಂದರು. ಮಗ "ಡೊಂಬಿವ್ಲಿ" ಅಂದ. ಆಮೇಲೆ ನನ್ನ ಮುಖ ನೋಡಿ, "ಅಜ್ಜಂದು ನಾವುಂದ" ಅಂದ. ಅವರು ನಕ್ಕು ಇನ್ನೊಂದು ಸೌಟು ಹಾಕಲು ಬಂದಾಗ, ಅಂಗೈ ಕೆಳಗೆ ಮಾಡಿ ಎಲೆಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಿಡಿದ. ಬೆರಳೆಲ್ಲ ತುಪ್ಪ. ನನ್ನ ಅಪ್ಪನ ಕೈಯದೇ ಅಗಲ ಬೆರಳುಗಳು. ಇಷ್ಟು ದಿನ ನಾನು ಗಮನಿಸಿರಲಿಲ್ಲ.

ಎಲೆಯಲ್ಲಿ ಏನೂ ಬಿಡಬೇಡಿ. ಅನ್ನ ಚೆಲ್ಲುವುದು ಅಲ್ಲಿ ಯಾರಿಗೂ ಇಷ್ಟ ಆಗುವುದಿಲ್ಲ, ಆಗಲೂ ಬಾರದು. ಅಡುಗೆಮನೆ ನೋಡಬೇಕು ಅಂದರೆ ನೋಡಬಹುದು. ಮಕ್ಕಳಿದ್ದರೆ ಖಂಡಿತ ತೋರಿಸಿ.

ಊಟ ಮುಗಿಸಿ ಕೆಳಗೆ ಇಳಿದು, ಹೂವಿನ ಅಂಗಡಿಗಳ ಸಾಲಿನಲ್ಲಿ ಹೆಂಡತಿಗೆ ಒಂದು ಮೊಳ ಮಲ್ಲಿಗೆ ತೆಗೆದುಕೊಂಡೆವು. ಸ್ಟೇಷನ್ನಿನಲ್ಲಿ ಮಗ ಕೇಳಿದ: "ಪಪ್ಪಾ, ಅಜ್ಜನಿಗೆ ಆಮೇಲೆ ಊಟ ಯಾರು ಕೊಟ್ಟರು?" ರೊಟ್ಟಿ ಬೇಯಿಸುತ್ತಿದ್ದ ಒಬ್ಬ ಹುಡುಗ ಮೂರನೇ ದಿನ ಮೇಲೆ ಬಂದು ನೋಡಿದ, ಗಂಜಿ ತಂದುಕೊಟ್ಟ ಅಂದೆ. "ಅವನು ಕೇಳದೇ ಕೊಟ್ಟನಲ್ಲ" ಅಂದ. ಹೌದು ಅಂದೆ. ಲೋಕಲ್ ಬಂತು, ಹತ್ತಿದೆವು. ಠಾಣೆಯವರೆಗೂ ಅವನು ಫೋನ್ ತೆಗೆಯಲಿಲ್ಲ.

ಹೋಗುವವರಿಗೆ: ಸೋಮವಾರ ರಜೆ. ಭಾನುವಾರ ಹೋಗುವುದಾದರೆ ಬೇಗ ಹೋಗಿ ಟೋಕನ್ ತೆಗೆದುಕೊಳ್ಳಿ. ಸಾರು ಎರಡು ಸಲ ಹಾಕಿಸಿಕೊಳ್ಳಿ.