ಥಾಯ್ಲೆಂಡ್ ನಿವೃತ್ತಿ ವೀಸಾ: ಎಂಟು ಲಕ್ಷಕ್ಕೆ ಬೀಗ, ವರ್ಷಕ್ಕೊಂದು ಮುದ್ರೆ

ಐವತ್ತು ತುಂಬಿದ ವಿದೇಶಿಯರಿಗೆ ಥಾಯ್ಲೆಂಡ್ ಕೊಡುವ ನಿವೃತ್ತಿ ಪರವಾನಗಿ ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ವರ್ಷದ ನವೀಕರಣಕ್ಕೆ 1,900 ಬಹ್ತ್ ಅಷ್ಟೆ. ಆದರೆ ಅದು ಬೇರು ಬಿಡುವುದಿಲ್ಲ. ಹದಿನೈದು ವರ್ಷ ತಪ್ಪದೆ ನವೀಕರಿಸಿದವರೂ ಹದಿನಾರನೇ ವರ್ಷ ಅದೇ ಕಾಗದದ ಕಟ್ಟು ಹಿಡಿದು ಅದೇ ಕೌಂಟರಿನ ಮುಂದೆ ಕೂರಬೇಕು. ಈ ದಾರಿಯಲ್ಲಿ ಕಳೆದ ವರ್ಷಗಳು ಖಾಯಂ ವಾಸದ ಅರ್ಜಿಗೆ ಲೆಕ್ಕಕ್ಕೇ ಬರುವುದಿಲ್ಲ. ಮನೆ ಕೊಳ್ಳುವ ಆಸೆ ಹುಟ್ಟಿದಾಗಲೆಲ್ಲ ಇದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಒಳಗೆ ಬರಲು ಬಾಗಿಲು ಎರಡು. ಒಂದು 'ಓ-ಎ' ವೀಸಾ. ತಾಯ್ನಾಡಿನ ಥಾಯ್ ರಾಯಭಾರ ಕಚೇರಿಯಲ್ಲೇ ಅರ್ಜಿ ಹಾಕಬೇಕು. ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರದ ಜೊತೆಗೆ ಆರೋಗ್ಯ ವಿಮೆಯನ್ನೂ ತೋರಿಸಬೇಕು. ಇನ್ನೊಂದು ಬರೀ 'ಓ'. ಮೊದಲು 90 ದಿನ ಸಿಗುತ್ತದೆ, ಆಮೇಲೆ ಅಲ್ಲಿನ ವಲಸೆ ಕಚೇರಿಯಲ್ಲೇ ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು. ಪ್ರವಾಸಿಯಾಗಿ ಬಂದವರು 2,000 ಬಹ್ತ್ ಕಟ್ಟಿ ಇದಕ್ಕೆ ಬದಲಾಯಿಸಿಕೊಳ್ಳಬಹುದು. ಅದಕ್ಕೆ ಹಳೆಯ ಅವಧಿಯಲ್ಲಿ ಕನಿಷ್ಠ 15 ದಿನ ಉಳಿದಿರಬೇಕು, 21 ದಿನ ಕೇಳುವ ಕಚೇರಿಗಳೂ ಇವೆ. 'ಓ-ಎ' ಹಿಡಿದವರಿಗೆ ವಿಮೆಯ ಷರತ್ತು ಪ್ರತಿ ನವೀಕರಣಕ್ಕೂ ಅಂಟಿಕೊಂಡೇ ಬರುತ್ತದೆ, 'ಓ' ಹಿಡಿದವರಿಗೆ ಆ ಷರತ್ತಿಲ್ಲ. ಎಪ್ಪತ್ತರ ನಂತರ ಹೊಸ ಪಾಲಿಸಿ ಸಿಗುವುದೇ ಕಷ್ಟ, ಸಿಕ್ಕರೂ ಕಂತು ಏರುತ್ತಲೇ ಹೋಗುತ್ತದೆ. ವಿಮೆ ಹೇಗೂ ಮಾಡಿಸಬೇಕಾದದ್ದೇ. ಆದರೆ ವಾಸದ ಹಕ್ಕನ್ನೇ ಅದಕ್ಕೆ ಕಟ್ಟಿಹಾಕಿಕೊಳ್ಳಬಾರದು. ಹಾಗಾಗಿ ನಮ್ಮ ಮತ 'ಓ'ಗೆ.

ಎಲ್ಲರೂ ಎಡವುವುದು ಬ್ಯಾಂಕಿನಲ್ಲಿ. ಥಾಯ್ ಬ್ಯಾಂಕಿನಲ್ಲಿ ಸ್ವಂತ ಹೆಸರಿನ ಖಾತೆಯಲ್ಲಿ 8 ಲಕ್ಷ ಬಹ್ತ್ ಇಡಬೇಕು. ಇಲ್ಲವೇ ತಿಂಗಳಿಗೆ 65,000 ಬಹ್ತ್ ವರಮಾನ ತೋರಿಸಬೇಕು, ಅಥವಾ ಎರಡೂ ಸೇರಿ ವರ್ಷಕ್ಕೆ 8 ಲಕ್ಷ ಆಗಬೇಕು. 2019ರ ಮಾರ್ಚ್‌ನಿಂದ ಠೇವಣಿಯ ನಿಯಮ ಬಿಗಿಯಾಯಿತು. ಅರ್ಜಿಗೆ ಎರಡು ತಿಂಗಳು ಮೊದಲೇ ಹಣ ಖಾತೆಯಲ್ಲಿರಬೇಕು, ವಿಸ್ತರಣೆಯ ಮುದ್ರೆ ಬಿದ್ದ ಮೇಲೆ ಮೂರು ತಿಂಗಳು ಅಲುಗಬಾರದು, ಉಳಿದ ದಿನಗಳಲ್ಲಿ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಜೂನ್ 20ಕ್ಕೆ ಅರ್ಜಿ ಹಾಕಿ ಅಂದೇ ಮುದ್ರೆ ಸಿಕ್ಕಿತು ಎಂದುಕೊಳ್ಳಿ. ಏಪ್ರಿಲ್ 20ರಿಂದ ಸೆಪ್ಟೆಂಬರ್ 20ರವರೆಗೆ ಪೂರ್ತಿ 8 ಲಕ್ಷಕ್ಕೆ ಬೀಗ, ಅಲ್ಲಿಂದ ಮುಂದಿನ ಏಪ್ರಿಲ್‌ವರೆಗೆ 4 ಲಕ್ಷಕ್ಕೆ. ಕೈಗೆ ಸಿಗುವುದು 4 ಲಕ್ಷ, ಅದೂ ಏಳೇ ತಿಂಗಳು, ಮತ್ತೆ ತಂದು ತುಂಬುವ ಷರತ್ತಿನ ಮೇಲೆ. ಅದಕ್ಕಿಂತ ಆ ದುಡ್ಡನ್ನು ಮರೆತುಬಿಡುವುದೇ ನೆಮ್ಮದಿ.

ಸರಿಯಾಗಿ 8,00,000 ಇಟ್ಟು ಕೂರಬೇಡಿ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕವನ್ನು ಬ್ಯಾಂಕ್ ತಾನಾಗಿಯೇ ಕಡಿತಗೊಳಿಸುತ್ತದೆ. ಪಾಸ್‌ಬುಕ್ಕಿನ ಒಂದು ಸಾಲಿನಲ್ಲಿ 7,99,700 ಎಂದು ಮುದ್ರಣವಾದರೆ ಆ ಎರಡು ತಿಂಗಳ ಲೆಕ್ಕ ಮೊದಲಿನಿಂದ ಶುರು. ಹತ್ತು ಸಾವಿರ ಹೆಚ್ಚಿಗೆ ಇರಲಿ, ಆ ಖಾತೆಗೆ ಕಾರ್ಡೇ ಬೇಡ, ದಿನದ ಖರ್ಚಿಗೆ ಇನ್ನೊಂದು ಖಾತೆ ತೆರೆಯಿರಿ. ವರಮಾನದ ದಾರಿ ಹಿಡಿದವರಿಗೆ ಬೇರೆ ಥರದ ಕಾಟ. ಹಣ ಹೊರದೇಶದಿಂದಲೇ ಬಂತು ಎಂದು ತೋರಿಸುವ ಸಂಕೇತ ಪ್ರತಿ ತಿಂಗಳ ಸಾಲಿನಲ್ಲೂ ಬೇಕು. ಕೆಲವು ಆನ್‌ಲೈನ್ ಸೇವೆಗಳ ಮೂಲಕ ಕಳಿಸಿದ ಹಣ ಥಾಯ್ಲೆಂಡ್ ಒಳಗಿನ ವರ್ಗಾವಣೆಯ ಹಾಗೆ ಮುದ್ರಣವಾಗುತ್ತದೆ. ಹನ್ನೆರಡು ತಿಂಗಳಲ್ಲಿ ಒಂದು ಸಾಲು ಹೀಗಾದರೂ ಅಧಿಕಾರಿಯ ಪೆನ್ನು ಅಲ್ಲೇ ನಿಲ್ಲುತ್ತದೆ.

ಅರ್ಜಿಯ ದಿನ ಬೆಳಿಗ್ಗೆ ಮೊದಲು ಬ್ಯಾಂಕಿಗೆ ಹೋಗಿ. ನೂರು ಬಹ್ತ್ ಜಮಾ ಮಾಡಿ ಪಾಸ್‌ಬುಕ್ ಯಂತ್ರಕ್ಕೆ ಹಾಕಿದರೆ ಕೊನೆಯ ಸಾಲಿನಲ್ಲಿ ಅಂದಿನ ತಾರೀಖು ಬೀಳುತ್ತದೆ. ಬ್ಯಾಂಕಿನ ಪತ್ರವನ್ನೂ ಅಂದೇ ಪಡೆಯಿರಿ. ನಿನ್ನೆಯ ಪತ್ರ ಒಪ್ಪದ ಕಚೇರಿಗಳಿವೆ. ನಂತರ ವಿಸ್ತರಣೆಗೆ ಕೊಡುವ ಟಿಎಂ 7 ಅರ್ಜಿ, ನಾಲ್ಕು-ಆರು ಸೆಂಟಿಮೀಟರ್ ಅಳತೆಯ ಫೋಟೊ, ಪಾಸ್‌ಪೋರ್ಟ್ ಮತ್ತು ಪಾಸ್‌ಬುಕ್ ಪುಟಗಳ ಜೆರಾಕ್ಸ್, ಬಾಡಿಗೆ ಕರಾರು, ಮನೆಯ ನಕ್ಷೆ. ಜೆರಾಕ್ಸ್‌ನ ಪ್ರತಿ ಹಾಳೆಗೂ ನೀಲಿ ಶಾಯಿಯಲ್ಲಿ ಸಹಿ ಹಾಕಿ. ಟಿಎಂ 30 ರಸೀದಿಯನ್ನೂ ಕೇಳುತ್ತಾರೆ. ವಿದೇಶಿ ಬಂದು ತಂಗಿದ 24 ಗಂಟೆಯೊಳಗೆ ಮನೆಯ ಮಾಲೀಕರು ವಲಸೆ ಕಚೇರಿಗೆ ತಿಳಿಸಿದ್ದಕ್ಕೆ ಅದು ಪುರಾವೆ. ಮಾಲೀಕರ ಕರ್ತವ್ಯವೇನೋ ಹೌದು, ಆದರೆ ಮಾಡದಿದ್ದರೆ ಅರ್ಜಿ ನಿಲ್ಲುವುದು ಬಾಡಿಗೆದಾರರದ್ದು. ಹಾಗಾಗಿ ಬಾಡಿಗೆ ಮಾತಾಡುವಾಗಲೇ ಟಿಎಂ 30 ಮಾತನ್ನೂ ಮುಗಿಸಿ.

ಅವಧಿ ಮುಗಿಯಲು 30 ದಿನ ಇರುವಾಗಲೇ ಅರ್ಜಿ ಹಾಕಬಹುದು. ಹೊಸ ವರ್ಷ ಹಳೆಯ ಅವಧಿಯ ಕೊನೆಯಿಂದಲೇ ಎಣಿಕೆಯಾಗುವುದರಿಂದ ಬೇಗ ಹೋದರೆ ನಷ್ಟವಿಲ್ಲ. ಪಾಸ್‌ಪೋರ್ಟ್‌ನಲ್ಲಿ ಏಳೇ ತಿಂಗಳು ಉಳಿದಿದ್ದರೆ ವಿಸ್ತರಣೆಯೂ ಏಳೇ ತಿಂಗಳು, ಶುಲ್ಕ ಮಾತ್ರ ಪೂರ್ತಿ. ಮೊದಲು ಪಾಸ್‌ಪೋರ್ಟ್ ಹೊಸದು ಮಾಡಿಸಿ.

ಠೇವಣಿ ಇಲ್ಲದೆಯೇ ಮುದ್ರೆ ತರಿಸಿಕೊಡುತ್ತೇವೆ ಎನ್ನುವ ಏಜೆಂಟರು ಪಟ್ಟಾಯದಲ್ಲಿ ಬೀದಿಬೀದಿಗೂ ಸಿಗುತ್ತಾರೆ. ಅವರು ಖಾತೆಗೆ ಸಾಲದ ಹಣ ಹಾಕಿಸಿ, ಕೆಲಸವಾದ ಕೂಡಲೇ ಎಳೆದುಕೊಳ್ಳುತ್ತಾರೆ. ಮೂರು ತಿಂಗಳ ನಿಯಮ ಆ ಕ್ಷಣಕ್ಕೇ ಮುರಿದಿರುತ್ತದೆ, ಮುಂದಿನ ವರ್ಷ ಪಾಸ್‌ಬುಕ್ ಅದನ್ನು ಹೇಳಿಬಿಡುತ್ತದೆ. ಅಲ್ಲಿಗೆ ಪ್ರತಿ ವರ್ಷವೂ ಅದೇ ಏಜೆಂಟರೇ ಗತಿ.

ಮುದ್ರೆ ಬಿತ್ತೆಂದು ಹಾಯಾಗಿ ವಿಮಾನ ಹತ್ತಬೇಡಿ. ರೀ-ಎಂಟ್ರಿ ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ಇಡೀ ವರ್ಷದ ವಿಸ್ತರಣೆ ರದ್ದು. ಒಂದು ಸಲಕ್ಕೆ 1,000 ಬಹ್ತ್, ಎಷ್ಟು ಸಲವಾದರೂ ಸರಿ ಎಂದರೆ 3,800. ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಗಡುವಿಗೆ 15 ದಿನ ಮೊದಲಿಂದ 7 ದಿನದ ನಂತರದವರೆಗೆ ಅವಕಾಶವಿದೆ, ಶುಲ್ಕವಿಲ್ಲ, ಮರೆತರೆ 2,000 ಬಹ್ತ್ ದಂಡ. ದೇಶ ಬಿಟ್ಟು ಬಂದರೆ ಎಣಿಕೆ ಒಂದರಿಂದ ಶುರು. ಈ ವರದಿಯನ್ನು ವೀಸಾ ನವೀಕರಣ ಎಂದುಕೊಂಡು ಮೋಸಹೋಗುವವರಿದ್ದಾರೆ. ಅವಧಿ ಮೀರಿ ಉಳಿದದ್ದಕ್ಕೆ ದಿನಕ್ಕೆ 500 ಬಹ್ತ್‌ನಂತೆ 20,000ದವರೆಗೆ ದಂಡ ಬೀಳುತ್ತದೆ, 90 ದಿನ ಮೀರಿದರೆ ಮರುಪ್ರವೇಶಕ್ಕೇ ನಿಷೇಧ.

ಮನೆ ವಿಷಯಕ್ಕೆ ಬಂದರೆ, ಬಾಡಿಗೆಯೇ ಸರಿ. ಚಿಯಾಂಗ್ ಮಾಯ್‌ನಲ್ಲಿ ಒಂದು ಮಲಗುವ ಕೋಣೆಯ ಅಚ್ಚುಕಟ್ಟಾದ ಕಾಂಡೊ (ಅಪಾರ್ಟ್‌ಮೆಂಟ್ ಮನೆ) ತಿಂಗಳಿಗೆ ಸುಮಾರು 10,000ದಿಂದ 20,000 ಬಹ್ತ್‌ಗೆ ಸಿಗುತ್ತದೆ, ಬ್ಯಾಂಕಾಕ್‌ನಲ್ಲಿ ಸ್ಕೈಟ್ರೇನ್ ಹತ್ತಿರ ಬೇಕೆಂದರೆ ಹೆಚ್ಚು ಕೊಡಬೇಕು. ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ವಾಡಿಕೆ. ಕರಾರಿನಲ್ಲಿ ವಿದ್ಯುತ್ತಿನ ಸಾಲನ್ನು ಬೆರಳಿಟ್ಟು ಓದಿ. ಸರ್ಕಾರಿ ದರ ಯೂನಿಟ್ಟಿಗೆ 4 ಬಹ್ತ್ ಆಸುಪಾಸು, ಮಾಲೀಕರು 7-8 ಹಾಕುವುದುಂಟು. ಹಗಲು ರಾತ್ರಿ ಏಸಿ ಓಡುವ ಏಪ್ರಿಲ್‌ನಲ್ಲಿ ಅದರ ಬಿಸಿ ತಟ್ಟುತ್ತದೆ. ಚಿಯಾಂಗ್ ಮಾಯ್ ಮನೆಯನ್ನು ಡಿಸೆಂಬರ್ ಚಳಿಯಲ್ಲಿ ನೋಡಿ ಒಪ್ಪಬೇಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುತ್ತಲ ಹೊಲ, ಕಾಡುಗಳ ಬೆಂಕಿಯ ಹೊಗೆ ಕಣಿವೆಯಲ್ಲೇ ನಿಂತಿರುತ್ತದೆ.

ಕೊಳ್ಳಲೇಬೇಕೆಂದರೆ ಕಾಂಡೊ ಮಾತ್ರ. ಕಟ್ಟಡದ ಒಟ್ಟು ಮಾರಾಟ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು 49 ಶೇಕಡಾ ಮೀರುವಂತಿಲ್ಲ. ಮುಂಗಡ ಕೊಡುವ ಮೊದಲೇ ಪಾಲು ಉಳಿದಿದೆ ಎಂಬ ಪತ್ರವನ್ನು ಕಟ್ಟಡದ ಆಡಳಿತ ಕಚೇರಿಯಿಂದ ಬರೆಸಿಕೊಳ್ಳಿ. ಹಣ ವಿದೇಶಿ ಕರೆನ್ಸಿಯಾಗಿಯೇ ಬಂದು ಥಾಯ್ಲೆಂಡ್ ಒಳಗೆ ಬಹ್ತ್ ಆಗಬೇಕು. ಹೊರಗಡೆಯೇ ಬಹ್ತ್ ಮಾಡಿ ಕಳಿಸಿದರೆ ಭೂ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ಬ್ಯಾಂಕ್ ಕೊಡುವ ವಿನಿಮಯ ಪತ್ರವನ್ನು ಜೋಪಾನ ಮಾಡಿ, ಮಾರಿದ ಹಣ ಹೊರಗೆ ಒಯ್ಯುವಾಗಲೂ ಅದೇ ಬೇಕು. ನೆಲ ವಿದೇಶಿಯರ ಹೆಸರಿಗೆ ಬರುವುದಿಲ್ಲ. ನೆಲದ ಗುತ್ತಿಗೆ (ಲೀಸ್) ಹೆಚ್ಚೆಂದರೆ 30 ವರ್ಷ. 'ಮೂವತ್ತು, ಮತ್ತೆ ಮೂವತ್ತು, ಮತ್ತೆ ಮೂವತ್ತು' ಎಂಬ ದಲ್ಲಾಳಿ ಮಾತಿನಲ್ಲಿ ಮೊದಲ ಮೂವತ್ತಕ್ಕಷ್ಟೇ ಬೆಲೆ.

ವರ್ಷದಲ್ಲಿ 180 ದಿನ ಅಲ್ಲಿದ್ದವರು ತೆರಿಗೆಯ ಲೆಕ್ಕದಲ್ಲಿ ನಿವಾಸಿಗಳೇ. 2024ರ ಜನವರಿ 1ರ ನಂತರ ಹೊರಗೆ ಗಳಿಸಿ ಒಳಗೆ ತಂದ ವರಮಾನ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಅದಕ್ಕೂ ಹಿಂದಿನ ಉಳಿತಾಯವೆಂದು ತೋರಿಸಲು 2023ರ ಡಿಸೆಂಬರ್ 31ರ ಬ್ಯಾಂಕ್ ಲೆಕ್ಕಪಟ್ಟಿ ತೆಗೆದಿಡಿ. ವರ್ಷಕ್ಕೆ 80,000 ಡಾಲರ್ ಪಿಂಚಣಿಯೋ ಬಡ್ಡಿಯೋ ಬರುವವರಿಗೆ 2022ರಲ್ಲಿ ಬಂದ ಹತ್ತು ವರ್ಷದ ದೀರ್ಘಾವಧಿ ವೀಸಾ ಇದೆ. ಶುಲ್ಕ 50,000 ಬಹ್ತ್, ವರದಿ ವರ್ಷಕ್ಕೊಮ್ಮೆ ಸಾಕು. ಅರ್ಹತೆಯಿದ್ದರೆ ಮೇಲೆ ಬರೆದ ಅರ್ಧ ತಾಪತ್ರಯ ಅಲ್ಲಿಗೇ ಮುಗಿಯುತ್ತದೆ.

ದಂಪತಿಗಳು ಒಂದು ವಿಷಯ ಗಮನಿಸಬೇಕು. ಒಬ್ಬರ ಪರವಾನಗಿಯ ಮೇಲೆ ಇನ್ನೊಬ್ಬರು ಅವಲಂಬಿತರಾಗಿ ಇರಬಹುದು. ಆದರೆ ಮುಖ್ಯ ಅರ್ಜಿದಾರರು ತೀರಿಕೊಂಡರೆ ಆ ಅವಲಂಬನೆಗೆ ಆಧಾರವೇ ಇರುವುದಿಲ್ಲ, ಎಂಟು ಲಕ್ಷದ ಖಾತೆಯನ್ನೂ ನ್ಯಾಯಾಲಯದ ಆದೇಶ ಬರುವವರೆಗೆ ಬ್ಯಾಂಕ್ ತಡೆಹಿಡಿಯುತ್ತದೆ. ಥಾಯ್ಲೆಂಡ್‌ನ ಆಸ್ತಿಗಷ್ಟೇ ಸೀಮಿತವಾದ ಉಯಿಲನ್ನು ಥಾಯ್ ಭಾಷೆಯಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಬರೆಸಿಡಿ. ಇನ್ನೊಬ್ಬರ ಹೆಸರಲ್ಲಿ ಬೇರೆ ಖಾತೆ ತೆರೆದು ಆರು ತಿಂಗಳ ಖರ್ಚು ಅದರಲ್ಲಿರಲಿ.